ಬೈಯಾಕ ಮಡಿ ಯಾಕ

ಕೈಗಡಿಯಾರವನ್ನು ಅವರು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಬಿಚ್ಚಿದರೆ ಅಲ್ಲೊಂದು ಬೆಳ್ಳಗಿನ ದುಂಡು ಗುರುತು. ಅವರು ಆದೋನಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ, ಸರಕಾರಿ ಆಸ್ಪತ್ರೆಯ ನರ್ಸಮ್ಮ. ಬೈಗುಳವನ್ನೂ ಗಡಿಯಾರ ನೋಡಿಯೇ ಶುರು ಮಾಡುತ್ತಾರೆಂದು ನಾವು ನಗುತ್ತಿದ್ದೆವು.

ನಮ್ಮ ತಾತ ಮಠದ ಅಡುಗೆಮನೆಯ ಹೊಗೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಎಪ್ಪತ್ತರ ದಶಕದ ಕೊನೆಗೆ ನಾಲ್ಕು ಹೆಜ್ಜೆಗೇ ದಮ್ಮು ಹತ್ತತೊಡಗಿತು. ಮನೆಮಂದಿಯೆಲ್ಲ ಭಕ್ತಿಯಿಂದ ಅವರ ಒಂದೊಂದೇ ಕೆಲಸ ಕಿತ್ತುಕೊಂಡೆವು. ಮಡಿನೀರು ಅಪ್ಪ ಸೇದಿದರು. ತುಳಸಿಕಟ್ಟೆಯ ಪ್ರದಕ್ಷಿಣೆಯನ್ನು, ಕಚೇರಿಗೆ ಹೊರಡುವ ಮುಂಚೆ, ಅವರ ಪರವಾಗಿ ನಾನು ಹಾಕುತ್ತಿದ್ದೆ. ತಾತ ಮಂಚದಿಂದಲೇ ಕೈಮುಗಿಯುತ್ತಿದ್ದರು. ಕೆಲವೇ ತಿಂಗಳಲ್ಲಿ ಬಚ್ಚಲಿಗೂ ಇಬ್ಬರು ಹಿಡಿಯಬೇಕಾಯಿತು.

ಒಂದು ಬೆಳಿಗ್ಗೆ ನರ್ಸಮ್ಮ ನೋಡಿಬಿಟ್ಟರು.

"ಯಾರ ಸಲುವಾಗಿ ಸುತ್ತಾಕತ್ತೀಯಪ್ಪ?"

"ತಾತನ ಸಲುವಾಗ್ರಿ."

"ಹಂಗಾದ್ರ ಅವ್ರ ಉಸಿರೂ ನೀನೇ ಆಡು."

ಅಪ್ಪ ಹೊರಬಂದು, "ಮಡಿ ಅದರಿ, ಒಳಗ ಬರಬ್ಯಾಡ್ರಿ," ಎಂದರು.

"ನಾ ಎಲ್ಲಿ ಮುಟ್ಟಾಕತ್ತೀನ್ರಿ? ಬೈಯಾಕ ಮಡಿ ಯಾಕ? ಮರ್ಯಾದಿ ಕೊಟ್ಟು ಕೊಟ್ಟು ಹಿರೇರ ಕಾಲೇ ಕಸಗೊಂಡೀರಲ್ಲ. ಆಚಾರ್ರೇ, ಏಳ್ರಿ."

ಅಂದಿನಿಂದ ದಿನಾ ಬೀದಿಯಲ್ಲೇ ನಿಂತು, ಗಡಿಯಾರ ನೋಡುತ್ತ ತಾತನನ್ನು ನಡೆಸಿದರು. ಅರ್ಧ ಸುತ್ತು, ಕೂತು ದಣಿವಾರಿಸಿಕೊಳ್ಳುವುದು, ಮತ್ತರ್ಧ. "ಒಲಿ ಊದಿದಂಗ ತುಟಿ ಮಾಡಿ ಮೆಲ್ಲಗ ಉಸಿರು ಬಿಡ್ರಿ. ತೊಂದರ ಲೇದು, ಅವಸರ ಏನಿಲ್ಲ." ಮೂರು ತಿಂಗಳಿಗೆ ತಾತ ಮೂರು ಸುತ್ತು ಹಾಕಿದರು, ಸಣ್ಣ ತಂಬಿಗೆಯಲ್ಲಿ ತುಳಸಿಗೆ ತಾವೇ ನೀರು ಒಯ್ದರು.

ಆಮೇಲೆ ನರ್ಸಮ್ಮನಿಗೆ ಹಾಲಹರವಿಗೆ ವರ್ಗವಾಯಿತು. ಒಂದು ದಿನ ತಾತ ಏದುಸಿರು ಬಿಡುವುದನ್ನು ಕಂಡು ಅಜ್ಜಿ ಅತ್ತರು. ಅಷ್ಟೇ ಸಾಕಾಯಿತು. ತಂಬಿಗೆ ಕಸಿದುಕೊಂಡವನು ನಾನೇ.

"ಒಂದ ಸುತ್ತು ಹಾಕ್ತೀನಿ, ಬಿಡೋ," ಎಂದು ತಾತ ಬೇಡಿದರು. ನಾನು ಕೇಳಲಿಲ್ಲ. ಅಂದಿನ ಆ ನನ್ನನ್ನು ಎಳೆದು ಕಪಾಳಕ್ಕೆ ಕೊಡಬೇಕೆಂದು ಇವತ್ತಿಗೂ ಕೈ ತುರಿಸುತ್ತದೆ.

ಯುಗಾದಿಗೆ ನರ್ಸಮ್ಮ ಬಂದಾಗ ತಾತನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಬೀದಿಯಲ್ಲೇ ನಿಂತು ನೋಡಿದರು. ಬೈಯಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ನಾನು ತಲೆ ಎತ್ತುವುದರೊಳಗೆ ಹೊರಟುಹೋಗಿದ್ದರು. ಆ ಬೇಸಿಗೆಯನ್ನು ತಾತ ದಾಟಲಿಲ್ಲ.

ಈಗ ನರ್ಸಮ್ಮನೂ ಇಲ್ಲ. ನನಗೂ ದಮ್ಮು. ಮಗ ಅಂಗಳಕ್ಕೆ ಕುರ್ಚಿ ತಂದು, "ಕುಂದ್ರಪ್ಪ, ನಾ ನೀರು ಹಾಕ್ತೀನಿ," ಎಂದಾಗಲೆಲ್ಲ ನನಗೆ ಮೈಯುರಿಯುತ್ತದೆ.

"ಕುರ್ಚಿ ಒಳಗಿಡು," ಎನ್ನುತ್ತೇನೆ. "ತಂಬಿಗಿ ಕೊಡಿಲ್ಲಿ."