ಅಪ್ಪಯ್ಯನ ಅಳತೆಯ ಜಾಕೆಟ್

ದೋಹಾದಲ್ಲಿ ಉಣ್ಣೆಯ ಬನಿಯನ್ ಮಾರುವವನು ನಾನು. ನಗಬೇಡಿ. ನಕ್ಕವರನ್ನು ಅಣಕಿಸಿ ತೋರಿಸುವುದು ನನ್ನ ಇನ್ನೊಂದು ಕಸುಬು.

ಸೂಕ್ ವಾಕಿಫ್ ಎಂಬ ಹಳೆ ಪೇಟೆಯ ಹಿಂದಿನ ಗಲ್ಲಿಯಲ್ಲಿ ಬೇಟೆಗೂ ಟೆಂಟಿಗೂ ಬೇಕಾದ ಸಾಮಾನಿನ ಅಂಗಡಿ ನಮ್ಮದು. ಹೊರಗೆ ಸೆಪ್ಟೆಂಬರಿನ ಸೆಕೆ ಚಪ್ಪಲಿಯ ಅಂಟು ಕರಗಿಸುತ್ತಿರುವಾಗ ಒಳಗೆ ನಾನು ಚಳಿಯ ವಿಷಯ ಮಾತಾಡುತ್ತಿರುತ್ತೇನೆ. ಗಿರಾಕಿಗೆ ಚಳಿಯ ನೆನಪಾದರೂ ಬರಬೇಕಲ್ಲ, ಅದಕ್ಕೇ ಮ್ಯಾನೇಜರ್ ಏಸಿಯನ್ನು ಇಳಿಸುವಷ್ಟು ಇಳಿಸಿ ರಿಮೋಟನ್ನು ತನ್ನ ಜೇಬಿನಲ್ಲಿಟ್ಟುಕೊಂಡಿದ್ದಾನೆ. ಗೋಡೆ ತುಂಬ ಜಾಕೆಟ್. ಅವುಗಳ ನಡುವೆ ಅರ್ಧತೋಳಿನ ಯೂನಿಫಾರ್ಮಿನಲ್ಲಿ ದಿನವಿಡೀ ಹಲ್ಲು ಕಟಕಟಿಸುವ ಬೊಂಬೆ ನಾನು. ಒಂದು ಜಾಕೆಟ್ ಹಾಕಿಕೊಂಡರೆ ‘ಮಾಲು ಹಳತಾಗ್ತದೆ’ ಅಂತೆ.

ಈ ತಿಂಗಳಲ್ಲಿ ಇಲ್ಲಿನ ದೊಡ್ಡ ಮನೆಯವರು ಗಿಡುಗಗಳನ್ನು ಕಟ್ಟಿಕೊಂಡು ಕಝಾಕಿಸ್ತಾನದ ಕಡೆ ಬೇಟೆಗೆ ಹೊರಡುತ್ತಾರೆ. ಅಲ್ಲಿನ ಹವೆ ಸುಳ್ಳುಗಾರ. ಮಧ್ಯಾಹ್ನ ಅಂಗಿ ಬಿಚ್ಚಿಸುವ ಬಿಸಿಲು, ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆಯ ಕೆನೆ. ಹಾಗಾಗಿ ಒಂದು ದಪ್ಪ ಕೋಟು ಹೊದ್ದರೆ ಆಗುವುದಿಲ್ಲ, ಪದರ ಪದರವಾಗಿ ಉಡಬೇಕು. ಮೈಗೆ ತಾಗುವುದು ತೆಳು ಉಣ್ಣೆ. ಹತ್ತಿ ಬೇಡವೇ ಬೇಡ, ಬೆವರು ಕುಡಿದು ಒದ್ದೆಯಾಗಿ ಆಮೇಲೆ ಬೆನ್ನಿಗೆ ಹಿಮದ ಪಟ್ಟಿ ಹಾಕುತ್ತದೆ. ಅದರ ಮೇಲೆ ಶಾಖ ಹಿಡಿದಿಡುವ ಫ್ಲೀಸ್. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜಾಕೆಟ್, ಅದೂ ಸರಸರ ಸದ್ದು ಮಾಡದ ಬಟ್ಟೆಯದು. ಇದನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಆಡಿ ತೋರಿಸುತ್ತೇನೆ: ಹತ್ತಿ ಬನಿಯನ್ ತೊಟ್ಟವನು ಗುಡ್ಡ ಹತ್ತಿ, ಬೆವರಿ, ಕೂತು, ಸೆಟೆದುಕೊಳ್ಳುವವರೆಗೆ. ಅರಬರು ಹೊಟ್ಟೆ ಹಿಡಿದು ನಕ್ಕು ಮೂರೂ ಪದರ ಕೊಂಡು ಹೋಗುತ್ತಾರೆ. ಆ ನಗುವಿನ ಬಗ್ಗೆ ನನಗೆ ಬಹಳ ಜಂಬವಿತ್ತು.

ನನ್ನ ಅಪ್ಪಯ್ಯ ಅಂಥದೇ ಒಂದು ಮನೆಯ ಅಡುಗೆಯವರು. ಕುಂದಾಪುರದಿಂದ ನಾನು ಹುಟ್ಟುವ ಮೊದಲೇ ಬಂದವರು. ಮನೆಯ ಯಜಮಾನನನ್ನು ಆಳುಗಳೆಲ್ಲ ಬಾಬಾ ಎನ್ನುತ್ತಾರೆ. ಆ ಬಾಬಾ ಬೇಟೆಗೆ ಹೊರಟರೆ ಅಪ್ಪಯ್ಯನೂ ಪಾತ್ರೆಗಳ ಸಮೇತ ಹೊರಡಬೇಕು. ಕಳೆದ ಸಲ ಅಲ್ಲಿಂದ ಬಂದವರಿಗೆ ಕೆಮ್ಮು ಹಿಡಿದು ಚಳಿಗಾಲ ಮುಗಿದರೂ ಬಿಡಲಿಲ್ಲ. ನಾನು ಆಗಷ್ಟೇ ದೋಹಾಕ್ಕೆ ಬಂದಿದ್ದೆ. ಕ್ಲಿನಿಕ್ಕಿಗೆ ಕರೆದುಕೊಂಡು ಹೋದವನೂ ನಾನೇ. ಎದೆಗೆ ಇನ್ನೊಮ್ಮೆ ಹೀಗೆ ಚಳಿ ತಾಗಿದರೆ ಆಸ್ಪತ್ರೆಯಲ್ಲೇ ಮಲಗಬೇಕಾದೀತು ಎಂದು ಡಾಕ್ಟರ್ ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೆವು. ಹೊರಗೆ ಬಂದು ಅಪ್ಪಯ್ಯ, “ಎಲ್ಲ ಏಸಿದ್ ಕಾರುಬಾರ್” ಎಂದಿದ್ದರು. ನಾನು ನಂಬಿದ್ದೆ.

ಈ ಸಲ ಬಾಬಾನ ಮನೆಯ ಆರ್ಡರು ನಮ್ಮ ಅಂಗಡಿಗೇ ಬಂತು. ಒಯ್ಯಲು ಬಂದವರು ಆ ಮನೆಯ ಡ್ರೈವರ್, ಮಂಗಳೂರು ಕಡೆಯ ಬ್ಯಾರಿ. ನಾನು ಕಾಕಾ ಎನ್ನುತ್ತೇನೆ. ಬೇಟೆಯ ಕ್ಯಾಂಪಿಗೆ ಅವರೂ ಹೋಗುವವರು. ಬಾಬಾ ಧಾರಾಳಿ. ತನಗೆ ಯಾವುದೋ, ಆಳುಗಳಿಗೂ ಅದೇ ಮೂರು ಪದರದ ಸೆಟ್. ಅಪ್ಪಯ್ಯನ ಸೆಟ್ಟನ್ನು ನಾನೇ ಆರಿಸಿ ಕಟ್ಟುತ್ತಿದ್ದೆ.

“ಅದು ಯಾರಿಗೆ ಮಾರಾಯಾ, ಡಬಲ್ ಎಕ್ಸೆಲ್?” ಎಂದರು ಕಾಕಾ.

“ಅಪ್ಪಯ್ಯನಿಗೆ.”

“ಅವರು ಹೇಳಿದ್ದು ಎಂ. ಎಂ ಅಂದ್ರೆ ಎಂ.”

“ಕಾಕಾ, ಅಪ್ಪಯ್ಯನ ಹೊಟ್ಟೆ ನೋಡಿದ್ದೀರಲ್ಲ? ಎಂ ಅವರ ಒಂದು ಕಾಲಿಗೂ ಸಾಲದು.”

“ಹಾಕಿಕೊಳ್ಳುದಾದ್ರೆ ಅಲ್ವಾ ಸಾಲುದು, ಸಾಲದ್ದು! ನಿನ್ನ ಅಪ್ಪ ಅಲ್ಲಿ ಹೇಗೆ ಇರ್ತಾರೆ ಗೊತ್ತುಂಟಾ?”

ಮತ್ತೆ ಆ ಮನುಷ್ಯ ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕೂತರು. ತಲೆಗೊಂದು ಟವೆಲ್ ಸುತ್ತಿದ ಹಾಗೆ, ಅಂಗಿಯ ಮೇಲೆ ಅಂಗಿ ಎಳೆದುಕೊಂಡ ಹಾಗೆ, ಎರಡರ ಮಧ್ಯೆ ಹಳೆಯ ಪೇಪರ್ ಮಡಚಿ ತುರುಕಿದ ಹಾಗೆ ಮಾಡಿ, ಇಲ್ಲದ ಚಹಾದ ಕೆಟಲನ್ನು ಮಗುವಿನಂತೆ ತಬ್ಬಿಕೊಂಡರು. ಗಲ್ಲ ನಡುಗಿತು. ಸೌಟು ಹಿಡಿಯಲು ಹೋದ ಬೆರಳು ಮಡಚಲಿಲ್ಲ. ನಡುಗುತ್ತಲೇ ನಮ್ಮೂರಿನ ರಾಗದಲ್ಲಿ, “ಅಡ್ಡಿಲ್ಲ, ಅಡ್ಡಿಲ್ಲ” ಎಂದರು.

ನಾನು ನಕ್ಕೆ. ಕಸುಬುದಾರ ಕಸುಬುದಾರನಿಗೆ ಕೊಡುವ ನಗು. ಅಷ್ಟು ಚೆನ್ನಾಗಿ ನಾನೂ ಅಪ್ಪಯ್ಯನನ್ನು ಅಣಕಿಸಿರಲಿಲ್ಲ. ಆಮೇಲೆ ಕೇಳಿದೆ, “ಬಾಬಾ ಕೊಟ್ಟ ಜಾಕೆಟ್ ಎಲ್ಲಿ ಹೋಗ್ತದೆ?”

“ಟ್ಯಾಗ್ ತೆಗಿಯದೆ ಪೆಟ್ಟಿಗೆಗೆ. ಮೊದಲೆಲ್ಲ ಮಗನಿಗೆ, ಮಗನಿಗೆ ಅಂತಿದ್ರು. ಈಗ ನೀನೇ ಇಲ್ಲಿ ಬಂದಿದ್ದಿಯಲ್ಲ, ಈ ಸಲ ಅಳಿಯನಿಗಂತೆ.”

ನನ್ನ ನಗು ಅಲ್ಲೇ ಖಲಾಸ್.

ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಊರಿಗೆ ಹೋಗುವ ಯಾರದೋ ಕೈಯಲ್ಲಿ ನಮ್ಮ ಮನೆಗೊಂದು ಕಾರ್ಟನ್ ಬರುತ್ತಿತ್ತು. ಅದರಲ್ಲಿ ನನಗೊಂದು ಜಾಕೆಟ್. ಹೈಸ್ಕೂಲಿನಲ್ಲಿ ಸ್ಮಾಲ್, ಕಾಲೇಜಿನಲ್ಲಿ ಮೀಡಿಯಂ. ಯಾವಾಗಲೂ ನನ್ನ ಮೈಗೆ ಹೊಲಿದಂತೆ ಸರಿಯಾಗುತ್ತಿತ್ತು. ಅಪ್ಪಯ್ಯ ಅಂಗಡಿಗೆ ಹೋಗಿ ಕೊಂಡು ಕಳಿಸುತ್ತಾರೆ ಎಂದುಕೊಂಡಿದ್ದೆ. ಕುಂದಾಪುರದ ಬೆವರಿನಲ್ಲಿ, ಹಿಮದ ನಾಡಿಗೆಂದು ಮಾಡಿದ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ಕಂಕುಳಲ್ಲಿ ಬೆವರುಗುಳ್ಳೆ, ಮುಖದಲ್ಲಿ ಹೀರೋ. ಮಾಸ್ಟ್ರು ಒಮ್ಮೆ ಹಣೆ ಮುಟ್ಟಿ, “ಜ್ವರವೆಂತದಾ?” ಎಂದು ಕೇಳಿದ್ದರು. ಆ ಮಂಗನನ್ನು ನಾನು ಇವತ್ತಿಗೂ ರೂಮಿನವರ ಮುಂದೆ ಆಡಿ ತೋರಿಸುತ್ತೇನೆ, ಎಲ್ಲರೂ ಬಿದ್ದು ನಗುತ್ತಾರೆ. ಆ ಮಂಗ ಬೆವರುತ್ತಿದ್ದಾಗ ಜಾಕೆಟ್ಟಿನ ಯಜಮಾನ ಪೇಪರ್ ಹೊದ್ದು ಕೂತಿದ್ದ ಎಂದು ನನಗೆ ಯಾರು ಹೇಳಬೇಕಿತ್ತು?

ಕೋಪ ಬಂತು. ಅಂಥಿಂಥ ಕೋಪವಲ್ಲ. ಬಾಬಾನ ಮೇಲೆ ಬರಲಿ ಎಂದು ನೋಡಿದೆ, ಬರಲಿಲ್ಲ, ಆತ ಕೊಟ್ಟಿದ್ದಾನೆ. ಆ ಅಳಿಯ, ಅಂದರೆ ನನ್ನ ಭಾವನ ಮೇಲೆ ಬಂತು. ಕಳೆದ ವರ್ಷ ಅವನಿಗೆ ಹೋದದ್ದು ಒಂದು ವಾಚು, ಅದಕ್ಕೆ ‘ಕಲರ್ ಸ್ವಲ್ಪ ಡಲ್’ ಎಂದಿದ್ದ ಮಹಾನುಭಾವ. ಆದರೆ ಉಳಿದದ್ದೆಲ್ಲ ಅಪ್ಪಯ್ಯನ ಮೇಲೆಯೇ. ಡಬಲ್ ಎಕ್ಸೆಲ್ ಸೆಟ್ಟನ್ನೇ ಕಟ್ಟಿ ಕಾಕಾನ ಕೈಗೆ ತುರುಕಿದೆ. “ಎಂ ಸ್ಟಾಕ್ ಇಲ್ಲ ಅಂತ ಹೇಳಿ. ಅರಬಿಯಲ್ಲಿ ಬೇಕಾದ್ರೆ, ಮಾಫಿ ಎಂ!” ಕಾಕಾನ ಹಿಂದೆಯೇ ಎಂ ಸೈಜಿನ ಹದಿನೈದು ಜಾಕೆಟ್ ತೂಗುತ್ತಿದ್ದವು. ಅವರು ತಿರುಗಿ ನೋಡಿ, ಕಟ್ಟು ಎತ್ತಿಕೊಂಡು ಹೊರಟರು.

ಮರುದಿನ ಅಪ್ಪಯ್ಯ ಚೀಲ ಹಿಡಿದು ಅಂಗಡಿಗೇ ಬಂದರು. ನನ್ನ ಅಂಗಡಿಗೆ ಅವರು ಕಾಲಿಟ್ಟದ್ದು ಅದೇ ಮೊದಲು.

“ಹ್ವಾಯ್ ಮಾಣಿ, ಇದ್ ಎಂತ ಇದ್? ಟೆಂಟ್ ಕೊಟ್ಟಿಯಾ? ಎಂ ಅಂತ ಹೇಳಿದ್ದೆ ಅಲ್ದಾ?”

“ಹಾಕಿ ಕಾಣಿ ಅಪ್ಪಯ್ಯ. ನಿಮ್ದೇ ಅಳತಿ.”

“ನಂಗ್ ಎಂತಕ್ಕೆ? ಒಲಿ ಎದ್ರಿಗೇ ಕೂಕಂಬವ ನಾನ್.”

“ಕಾಂತಿತ್ತ್! ಹೋದ್ವರ್ಷ ಪೇಪರ್ ಹಾಯ್ಕಂಡ್ ಕೂಕಂಡದ್ದ್ ಯಾರ್? ವಾರ್ತೆ ಓದುಕಾ?”

ಅಪ್ಪಯ್ಯ ಚೀಲವನ್ನು ಕೌಂಟರಿನ ಮೇಲಿಟ್ಟರು. “ಆ ಬ್ಯಾರಿಗ್ ಬಾಯ್ ಜಾಸ್ತಿ” ಎಂದರು. ಮತ್ತೆ, “ಬದಲ್ಸಿ ಕೊಡ್. ಅಳಿಯ ಬೆಳಿಗ್ಗೆ ಬೈಕಂಗೆ ಹೋಪವ. ಬೆಂಗ್ಳೂರಂಗೆ ಚಳಿ ಇಲ್ಯಾ?”

“ಅವ ಹೆಲ್ಮೆಟ್ ಹಾಕೂಕೆ ಸೋಂಬೇರಿ. ಅವ್ನಿಗೆ ಬೇಟೆ ಜಾಕೆಟ್ ಬೇಕಾ? ಎಂತ ಹೊಡಿತಾ, ಸಿಗ್ನಲ್ಲಂಗೆ ಪಾರಿವಾಳ?”

ನಮ್ಮ ದನಿ ಏರಿದ್ದು ಕೇಳಿ ಮ್ಯಾನೇಜರ್ ಓಡಿ ಬಂದ. ಮಲಯಾಳಿ, ಗಿರಾಕಿ ಎಂದರೆ ದೇವರು ಎಂದು ನಂಬಿದವನು. ಕುಂದಾಪುರದ ಕನ್ನಡ ಒಂದಕ್ಷರ ತಿಳಿಯದಿದ್ದರೂ ಚೀಲ ನೋಡಿ ಎಲ್ಲ ಅರ್ಥವಾದವನಂತೆ, “ಕ್ಯಾ ಪ್ರಾಬ್ಲಮ್? ಅಂಕಲ್ ಕೋ ಎಂ ದೇ ದೋ ನಾ, ಯಲ್ಲಾ!” ಎಂದ.

ಅಪ್ಪಯ್ಯ ಗೆದ್ದವರಂತೆ ನನ್ನನ್ನು ನೋಡಿದರು. ಕೌಂಟರಿನ ಹಿಂದೆ ಗೋಡೆಯ ಮೇಲೆ ನಮ್ಮ ಅಂಗಡಿಯ ಶಾಸನ ತೂಗುತ್ತಿತ್ತು: ಟ್ಯಾಗ್ ಇಲ್ಲದ ಮಾಲು ಬದಲಿಸಲಾಗದು. ನಾನು ಕತ್ತರಿ ತೆಗೆದುಕೊಂಡೆ.

“ಕತ್ರಿ ಕೆಳಗಿಡ್” ಎಂದರು ಅಪ್ಪಯ್ಯ. “ಮಾಣಿ, ಹೊಸ್ದ್ ಅದ್. ಮಂಡೆ ಸಮ ಇತ್ತಾ ನಿಂಗೆ?”

ಉಣ್ಣೆಯದರ ಟ್ಯಾಗ್ ಕತ್ತರಿಸಿದೆ. ಫ್ಲೀಸಿನದು ಕತ್ತರಿಸಿದೆ. ಜಾಕೆಟ್ಟಿನದು ಪ್ಲಾಸ್ಟಿಕ್ ದಾರ, ಒಂದೇ ಏಟಿಗೆ ಬರಲಿಲ್ಲ, ಹಲ್ಲಿನಿಂದ ಕಿತ್ತೆ. ಮ್ಯಾನೇಜರ್ ಬಾಯಿ ತೆರೆದು ನಿಂತಿದ್ದ.

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು, ಅವರ ಬೈಗುಳವನ್ನು ಅವರಿಗಿಂತ ಚೆನ್ನಾಗಿ ಬೈಯಬಲ್ಲೆ ನಾನು. ನೆಲಕ್ಕೆ ಬಿದ್ದ ಟ್ಯಾಗುಗಳನ್ನು ಬಗ್ಗಿ ಆರಿಸಿಕೊಂಡರು. ಬಗ್ಗಿದ್ದಕ್ಕೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದರು:

“ನೀ ಶಾಲಿಗ್ ಹಾಯ್ಕಂಡ್ ಹೋದ ಫೋಟೋ ನಿನ್ ಅಮ್ಮ ಕಳ್ಸಿತ್ತ್. ಚಂದ ಕಾಂತಿತ್ತ್.”

ಊರಿನ ಬಾಯಿಗಳನ್ನೆಲ್ಲ ನನ್ನ ಬಾಯಲ್ಲಿ ಇಟ್ಟುಕೊಂಡು ತಿರುಗುವ ನನಗೆ ಆಡಲು ಒಂದು ದನಿ ಸಿಗಲಿಲ್ಲ. ಸಿಕ್ಕಿದ್ದು ಕೋಪ ಮಾತ್ರ. “ಚಂದ ಕಾಣೂಕೆ ನೀವ್ ಸಾಯ್ಕಾ?” ಎಂದು ಕೂಗಿದೆ. ಚೀಲದೊಳಗೆ ಎಲ್ಲವನ್ನೂ ತುಂಬಿ ಅವರ ಎದೆಗೆ ಒತ್ತಿದೆ. ಅವರು ಚೀಲ ಹಿಡಿದು ಬಿಸಿಲಿಗೆ ಇಳಿದರು. ಅದಾದ ಮೇಲೆ ಬೇಟೆಗೆ ಹೊರಡುವವರೆಗೂ ನನ್ನ ಫೋನ್ ಎತ್ತಲಿಲ್ಲ. ಮ್ಯಾನೇಜರ್ ನನ್ನನ್ನು ಒಂದು ವಾರ ಗೋದಾಮಿಗೆ ಹಾಕಿದ. ಗೋದಾಮಿನಲ್ಲಿ ಏಸಿಯೇ ಇಲ್ಲ. ಪೆಟ್ಟಿಗೆ ಎತ್ತಿಡುತ್ತ, ಬೆವರುತ್ತ, ಆ ಮುದುಕ ಹಟಕ್ಕೆ ಬಿದ್ದು ಸೆಟ್ಟನ್ನು ರೂಮಿನಲ್ಲೇ ಬಿಟ್ಟು ಹೋಗಿರುತ್ತಾನೆ, ಈಗ ಅಲ್ಲಿ ಪೇಪರ್ ಮಡಚುತ್ತಿರುತ್ತಾನೆ ಎಂದು ಏಕವಚನದಲ್ಲೇ ಬೈಯುತ್ತಿದ್ದೆ.

ಆ ವಾರದಲ್ಲೇ ಒಂದು ಬೆಳಗ್ಗೆ ಕಾಕಾ ಕ್ಯಾಂಪಿನಿಂದ ವಿಡಿಯೋ ಕಳಿಸಿದರು. ಹಿಂದೆ ಬೋಳು ಗುಡ್ಡ, ಎದುರಿಗೆ ಒಲೆ, ಒಲೆಯ ಮೇಲೆ ದೊಡ್ಡ ಪಾತ್ರೆ, ಪಾತ್ರೆಯ ಪಕ್ಕ ಅಪ್ಪಯ್ಯ. ಕುತ್ತಿಗೆಯಲ್ಲಿ ಉಣ್ಣೆ ಕಂಡಿತು. ಫ್ಲೀಸಿನ ಅಂಚು ಕಂಡಿತು. ಜಾಕೆಟ್ಟಿನ ಟೊಪ್ಪಿ ತಲೆಯ ಮೇಲಿತ್ತು. ಆದರೆ ಜಾಕೆಟ್ ಕಾಣಲಿಲ್ಲ. ಅದರ ಮೇಲೆ ತಮ್ಮ ಹಳೆಯ ಚೌಕುಳಿ ಅಂಗಿಯನ್ನು ಎಳೆದು ಹಾಕಿಕೊಂಡಿದ್ದರು. ಗುಂಡಿಗಳು ಹರಿದು ಹಾರುವ ಹಾಗಿದ್ದವು.

“ಎಂತ ಹ್ವಾಯ್, ಮೇಲೆ ಮತ್ತೊಂದು ಅಂಗಿ ಎಂತಕ್ಕೆ?” ಕಾಕಾನ ದನಿ.

“ಎಣ್ಣಿ ಹಾರತ್ತ್ ಮಾರಾಯಾ” ಎಂದರು ಅಪ್ಪಯ್ಯ, ಸೌಟು ತಿರುಗಿಸುತ್ತ. “ಜಾಕೆಟ್ ಹಾಳಾಪ್ದಾ?”

ಮತ್ತೆ ಮತ್ತೆ ಹಾಕಿ ಕೇಳಿದೆ. ಕೆಮ್ಮಿರಲಿಲ್ಲ. ಬೆರಳುಗಳು ಸೌಟನ್ನು ಸರಿಯಾಗಿ ಹಿಡಿದಿದ್ದವು.

ಆದರೂ ಕೋಪ ನೆತ್ತಿಗೇರಿತು. ಪೆಟ್ಟಿಗೆಗಳ ಮಧ್ಯೆ ನಿಂತು ಅಪ್ಪಯ್ಯನಿಗೊಂದು ವಾಯ್ಸ್ ಮೆಸೇಜ್ ಕಳಿಸಿದೆ: ಜಾಕೆಟ್ ಇರುವುದು ಕೊಳೆಯಾಗಲಿಕ್ಕೆ, ಎಣ್ಣೆ ಹಾರಲಿ, ಮಸಿ ಹಿಡಿಯಲಿ, ಟ್ಯಾಗ್ ಇಲ್ಲದ ಡಬಲ್ ಎಕ್ಸೆಲ್ಲನ್ನು ಇನ್ನು ಯಾರ ಅಪ್ಪನೂ ಮುಟ್ಟುವುದಿಲ್ಲ, ತಿಳಿಯಿತೇ?

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಗಾಳಿಯ ಸದ್ದು, ಒಗ್ಗರಣೆಯ ಸದ್ದು. ನಡುವೆ ನಡುಕವಿಲ್ಲದ, ಬೆಚ್ಚಗಿನ, ಮೊಂಡು ದನಿ:

“ಹಾಂಗಲ್ಲ ಮಾಣಿ. ಅಳಿಯ ಈಗ ದಪ್ಪ ಆಯಿದ ಅಂಬ್ರ್.”