ತೀರ್ಥಪ್ಪನ ಏಳೂವರೆ ಇಂಚಿನ ಟೈರು

ಬಸವನಹಟ್ಟಿಯ ತೀರ್ಥಪ್ಪ ನನ್ನ ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ ನಾನು ಮೊದಲು ಗಡಿಯಾರ ನೋಡುತ್ತಿದ್ದೆ. ಟ್ಯೂಬಿನ ವಾಲ್ವಿಗೆ ಒಂದು ಮುಚ್ಚಳ ಬೇಕೆಂದು ಬಂದವನು ಒಂದೂವರೆ ಗಂಟೆ ಕೂತು, ಎರಡು ಸಲ ಕಾಫಿ ಕುಡಿದು, ಮುಚ್ಚಳವನ್ನು ಮರೆತು ಹೋಗುತ್ತಿದ್ದ. ಕಡೂರಿನ ಬಿ.ಎಚ್. ರಸ್ತೆಯಲ್ಲಿ ಟೈರು, ಟ್ಯೂಬು, ಗಾಡಿಯ ಅಚ್ಚು ಮಾರಿಕೊಂಡು ಬಂದವನು ನಾನು. ಸಲಹೆ ಕೇಳದೆ ಕೊಳ್ಳುವವರನ್ನು ಬಲ್ಲೆ, ಸಲಹೆ ಕೇಳಿ ಕೊಳ್ಳದೆ ಹೋಗುವವರನ್ನೂ ಬಲ್ಲೆ. ಆದರೆ ಎರಡು ಬಸ್ಸು ಬದಲಾಯಿಸಿ ಬಂದು, ಸಲಹೆ ಕೇಳಿ, ತಲೆಯಾಡಿಸಿ, ಆಮೇಲೆ ಸರಿಯಾಗಿ ಅದರ ತಿರುಗುಮುರುಗು ಮಾಡುವವನೆಂದರೆ ಅವನೊಬ್ಬನೇ.

ಅವನ ತಲೆಯಲ್ಲಿ ಹುಟ್ಟಿನಿಂದಲೇ ಒಂದು ಲೆಕ್ಕ ಕೂತುಬಿಟ್ಟಿತ್ತು: ಯಾವುದು ಕೆಲಸ ಮಾಡುವುದಿಲ್ಲವೋ ಅದನ್ನು ದೊಡ್ಡದು ಮಾಡಿದರೆ ಕೆಲಸ ಮಾಡುತ್ತದೆ. ಬಾವಿಯ ನೀರು ಸಾಲದೆಂದು ಪಂಪ್‌ಸೆಟ್ಟಿಗೆ ದೊಡ್ಡ ಪುಲ್ಲಿ ಹಾಕಿಸಿ ಮೋಟಾರು ಸುಟ್ಟ. ಮಗಳ ಮದುವೆಗೆಂದು ಮನೆಗೆ ತೇಗದ ದೊಡ್ಡ ಬಾಗಿಲು ಇಡಿಸಿದ. ಅದು ಒಳಗಿನ ಕಂಬಕ್ಕೆ ತಾಗಿ ಅರ್ಧ ಮಾತ್ರ ತೆರೆಯುತ್ತಿತ್ತು. ಇವತ್ತಿಗೂ ಆ ಮನೆಗೆ ಹೋದವರು ಅಡ್ಡಡ್ಡ ತಿರುಗಿಯೇ ಒಳಗೆ ಹೋಗಬೇಕು. ಅವನ ಹೆಂಡತಿ ಮಲ್ಲಿಕಾಂಬ ಹೇಳುತ್ತಿದ್ದಳು, "ಸದ್ಯ, ನನ್ನ ತಾಳೀನ ದೊಡ್ಡದು ಮಾಡ್ಸಿಲ್ಲ ಕಣ್ರೀ. ಮಾಡ್ಸಿದ್ರೆ ಕತ್ತೇ ಎತ್ತೋಕಾಗ್ತಿರ್ಲಿಲ್ಲ."

ಈ ಮನುಷ್ಯ ಜೀಪಿನ ಸಹವಾಸಕ್ಕೆ ಬಿದ್ದದ್ದು ಅವನ ತಾಯಿ ದಾಕ್ಷಾಯಣಮ್ಮನಿಂದ. ಆಕೆಗೆ ಎಪ್ಪತ್ತೈದು ದಾಟಿತ್ತು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಕೋಲು ಹಿಡಿದು ಮನೆಯೊಳಗೆ ಓಡಾಡುವುದಷ್ಟೇ, ಗಾಡಿ ಹತ್ತುವ ಹಾಗಿಲ್ಲ. ಅವರ ಮನೆತನ ಮಠದ ಶಿಷ್ಯರು. ತನ್ನ ಮನೆಯಲ್ಲಿ, ತನ್ನ ಕೈಯಾರೆ, ಒಂದು ಸಲ ಗುರುಗಳ ಪಾದಪೂಜೆ ಆಗಬೇಕೆಂಬುದು ಆಕೆಯ ಆಸೆ. ಎಪ್ಪತ್ತೈದನೇ ಇಸವಿಯ ಶ್ರಾವಣದಲ್ಲಿ ಸ್ವಾಮಿಗಳು ಹೊರಟೂ ಹೊರಟರು. ಆದರೆ ಶಿವನಿ ರಸ್ತೆ ಬಿಟ್ಟು ಬಸವನಹಟ್ಟಿಗೆ ತಿರುಗಿದರೆ ಮೂರು ಮೈಲಿ ಬರೀ ಕಪ್ಪು ಎರೆಭೂಮಿ. ಭಕ್ತರೊಬ್ಬರ ಕಾರು ಅರ್ಧ ಮೈಲಿಗೇ ಜಾರಿ ಚರಂಡಿಗೆ ಮೂತಿಯಿಟ್ಟಿತು. ಸ್ವಾಮಿಗಳು ಹಿಂದಿರುಗಿದರು. ಬೆಳಗಿನಿಂದ ಹಿತ್ತಾಳೆ ಹರಿವಾಣದ ಮುಂದೆ ಕೂತಿದ್ದ ದಾಕ್ಷಾಯಣಮ್ಮ ಸಂಜೆ ಪಾದ ತೊಳೆಯಲು ಇಟ್ಟಿದ್ದ ನೀರನ್ನು ಬಿಲ್ವದ ಗಿಡಕ್ಕೆ ಸುರಿದು ಒಳಗೆ ಹೋದಳಂತೆ. ಮಗನಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಇದ್ದದ್ದರಿಂದ ತೀರ್ಥಪ್ಪ ಮೂರು ವರ್ಷ ನನ್ನ ತಲೆ ತಿಂದ.

ಎಪ್ಪತ್ತೆಂಟರಲ್ಲಿ, ಸ್ವಾಮಿಗಳು ಮತ್ತೆ ಶ್ರಾವಣಕ್ಕೆ ಒಪ್ಪಿದ ಸುದ್ದಿ ಬಂದ ತಿಂಗಳೊಳಗೆ, ಮಿಲಿಟರಿ ಹರಾಜಿನ ಒಂದು ಜೀಪು ತಂದ. ನಾಲ್ಕೂ ಚಕ್ರ ಎಳೆಯುವ ಗಾಡಿ. ಇದ್ದ ಹಾಗೇ ಬಿಟ್ಟಿದ್ದರೆ ಮೂರು ಮೈಲಿ ಹೇಗೋ ತೆವಳಿಕೊಂಡು ಹೋಗುತ್ತಿತ್ತು. ಇದ್ದ ಹಾಗೇ ಬಿಡುವವನೇ? ತರೀಕೆರೆಗೆ ಒಯ್ದು, ಲಾರಿಗಳ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗು, ಕಟ್ಟುವ ಲಕ್ಕಣ್ಣನ ಕೈಲಿ ಒಂದೊಂದು ಕಮಾನಿಗೆ ಎರಡೆರಡು ಹೆಚ್ಚಿನ ಪಟ್ಟಿ ಸೇರಿಸಿ ಜೀಪನ್ನು ಅಂಗೈಯಗಲ ಮೇಲೆತ್ತಿಸಿದ. ಕಡೂರಿಗೆ ಬಂದಾಗ ಅದು ಬೆದರಿದ ಬೆಕ್ಕಿನ ಹಾಗೆ ಬೆನ್ನು ಮೇಲೆ ಮಾಡಿಕೊಂಡು ನನ್ನ ಅಂಗಡಿ ಮುಂದೆ ನಿಂತಿತ್ತು.

"ಸೋಮಣ್ಣ, ಏಳೂವರೆ-ಹದಿನಾರು ಟೈರು ನಾಕು ಬೇಕು ಕಣೋ," ಎಂದ.

"ಅದು ಟ್ರೇಲರಿಗೆ ಹಾಕೋದು. ನಿನ್ನ ಜೀಪಿಗೆ ಆರು ಇಂಚಿಂದು."

"ಗೊತ್ತು. ಅದಕ್ಕೇ ಕೇಳ್ತಿರೋದು. ನಮ್ಮಪ್ಪನ ಗಾಡಿ ಚಕ್ರ ನೋಡಿದ್ದೀಯಲ್ಲ, ಎದೆಮಟ್ಟ ಇತ್ತು. ಯಾವತ್ತಾದ್ರೂ ಎರೇಲಿ ಹೂತಿತ್ತಾ?"

"ಅದು ಎತ್ತರ ಇತ್ತು, ಅಗಲ ಮೂರು ಬೆರಳು. ಮಣ್ಣು ಸೀಳ್ಕೊಂಡು ಹೋಗ್ತಿತ್ತು. ಈ ಟೈರು ಅಗಲ. ಮಣ್ಣು ಹೊತ್ಕೊಂಡು ಬತ್ತದೆ."

"ಅಗಲ ಇದ್ರೆ ಮೇಲೆ ತೇಲ್ತದೆ ಕಣೋ."

"ಎಮ್ಮೆನೂ ಅಗಲಾನೇ. ಕೆಸರಿಗಿಳಿದ್ರೆ ತೇಲ್ತದಾ, ಕೂತ್ಕೋತದಾ?"

ನಾನೂ ಬಿಡಲಿಲ್ಲ. ಹಟಕ್ಕೆ ಒಂದು ಟೈರನ್ನು ಡಿಸ್ಕಿಗೆ ಹಾಕಿಸಿ, ಚಕ್ರ ಕೂರಿಸಿ ತೋರಿಸಿದೆ. ಕೂತಿತು, ನಿಜ. ಆದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ನನ್ನ ಮೂರು ಬೆರಳು ಹೋದವು, ನಾಲ್ಕನೆಯದು ಹೋಗಲಿಲ್ಲ. ಸ್ಟೀರಿಂಗು ಪೂರ್ತಿ ತಿರುಗಿಸಿದರೆ ಟೈರು ಕಮಾನಿಗೆ ತಾಗಿ ಗರಗರ ಎನ್ನುತ್ತಿತ್ತು.

"ನೋಡ್ದಾ?" ಎಂದೆ. "ಈ ಸಂದೀಲಿ ಎರೆಮಣ್ಣು ತುಂಬ್ಕೊಂಡ್ರೆ ಚಕ್ರ ತಿರುಗೋದು ಹೆಂಗೆ? ದೊಡ್ಡ ಟೈರೇ ಬೇಕಂದ್ರೆ ಮಡ್‌ಗಾರ್ಡು ಕೊಯ್ಸಿ ಬಿಸಾಕು."

"ಕೊಯ್ಸಿದ್ರೆ ಬುದ್ಧಿಯೋರ ಕಾವಿ ಮೇಲೆ ಕೆಸರು ಹಾರಲ್ವೇನೋ? ನಾನು ಕರ್ಕೊಂಡು ಬತ್ತಿರೋದು ಪಾದಪೂಜೆಗೆ ಕಣಪ್ಪಾ, ಓಕುಳಿ ಆಡ್ಸೋಕಲ್ಲ."

ಆ ಮಾತು ಸರಿಯೇ. ಆ ಮನುಷ್ಯನ ಕಷ್ಟವೇ ಅದು. ನೂರು ಮಾತಿನಲ್ಲಿ ಒಂದನ್ನು ಸರಿಯಾಗಿ ಆಡಿ, ಆ ಒಂದರ ಮೇಲೆ ತೊಂಬತ್ತೊಂಬತ್ತನ್ನು ಹೇರುತ್ತಾನೆ. ಒಬ್ಬ ಗಿರಾಕಿಗೆ ಮೂರು ಸಲ ಬೇಡ ಅನ್ನಬಹುದು, ನಾಲ್ಕನೇ ಸಲ ಅಂದರೆ ಅವನು ತರೀಕೆರೆಗೆ ಹೋಗಿ ಕೊಳ್ಳುತ್ತಾನೆ. ನಾಲ್ಕು ಟೈರನ್ನೂ ಹಾಕಿಸಿ ಕಳಿಸಿದೆ. ಬಿಚ್ಚಿದ ಹಳೇ ಟೈರುಗಳನ್ನು ಅಟ್ಟದ ಮೇಲೆ ಎತ್ತಿಟ್ಟುಕೊಂಡೆ. ಮಳೆಗಾಲ ಮುಗಿಯುವುದರೊಳಗೆ ಅವನ್ನೇ ಹುಡುಕಿಕೊಂಡು ಬರುತ್ತಾನೆ ಅನ್ನುವುದು ನನ್ನ ಅಂದಾಜು.

ಆಮೇಲಿನ ಸುದ್ದಿಯೆಲ್ಲ ಅಜ್ಜಂಪುರದಿಂದ ಬರುವ ಗಿರಾಕಿಗಳ ಬಾಯಲ್ಲಿ ಬಂತು. ಬಸ್ ನಿಲ್ದಾಣದ ಮುಂದೆ ಎಲ್ಲರೂ ಒಂದೇ ಸಲಕ್ಕೆ ತಿರುಗುವ ಕಡೆ ತೀರ್ಥಪ್ಪ ಮೂರು ಸಲ ಹಿಂದೆ, ಮೂರು ಸಲ ಮುಂದೆ ಹೋಗಿ ತಿರುಗುತ್ತಾನಂತೆ. ಸ್ಟೆಪ್ನಿಗೂ ಎಲ್ಲಿಂದಲೋ ಏಳೂವರೆಯದೇ ತಂದು ಹಾಕಿಸಿ, ಅದು ತನ್ನ ಜಾಗದಲ್ಲಿ ಹಿಡಿಸದೆ ಹಿಂದಿನ ಸೀಟಿನಲ್ಲಿ ಮನುಷ್ಯರ ಹಾಗೆ ಕೂತು ಓಡಾಡುತ್ತದಂತೆ. ಮಲ್ಲಿಕಾಂಬ ಒಂದು ಸಲ ಹತ್ತಲು ಹೋಗಿ, ಸೀರೆ ಹರಿದುಕೊಂಡು, "ಮಾಳಿಗೆ ಹತ್ತೋದು ಇದಕ್ಕಿಂತ ಸಲೀಸು" ಎಂದು ನಡೆದೇ ಹೋದಳಂತೆ. ತೀರ್ಥಪ್ಪ ಹೊಸ ಸ್ಟೂಲು ಮಾಡಿಸಿದ. ಅದೂ ದೊಡ್ಡದೇ.

ಪಾದಪೂಜೆಯ ದಿನ ನನ್ನನ್ನೂ ಕರೆದಿದ್ದ. ಭಕ್ತಿಗೋ, ಪಂಕ್ಚರ್ ಆದರೆ ಇರಲಿ ಎಂದೋ, ಕೇಳಲಿಲ್ಲ. ಸ್ವಾಮಿಗಳು ಹಿಂದಿನ ರಾತ್ರಿ ಅಜ್ಜಂಪುರದ ಭಕ್ತರ ಮನೆಯಲ್ಲಿ ತಂಗಿದ್ದರು. ಬೆಳಿಗ್ಗೆ ಬಸವನಹಟ್ಟಿಯಲ್ಲಿ ಪೂಜೆ, ಪ್ರಸಾದ ಮುಗಿಸಿ ಮೂರು ಗಂಟೆಯ ಪ್ಯಾಸೆಂಜರಿಗೆ ಶಿವನಿ ಸ್ಟೇಷನ್ನಿಗೆ ಹೋಗಬೇಕು. ಎರಡು ದಿನ ಸುರಿದ ಮಳೆ ನಿಂತು ಬಿಸಿಲು ಬಂದಿತ್ತು. ತಿಳಿಯದವರು ಇದನ್ನು ಒಳ್ಳೆಯ ಹವೆ ಅನ್ನುತ್ತಾರೆ. ನೀರಾಗಿ ಹರಿಯುವಾಗ ಎರೆಮಣ್ಣು ಅಷ್ಟು ತೊಂದರೆ ಕೊಡುವುದಿಲ್ಲ. ಅರೆಬರೆ ಆರಿದಾಗ ಹಲಸಿನ ಅಂಟೇ ಸರಿ.

ಸ್ವಾಮಿಗಳು ಜೀಪಿನ ಮುಂದೆ ನಿಂತು ಮೇಲೆ ನೋಡಿದರು. ಎಪ್ಪತ್ತರ ಸಣಕಲು ಶರೀರ.

"ಏಣಿ ಎಲ್ಲಿ ತೀರ್ಥಪ್ಪ?"

"ಸ್ಟೂಲೈತೆ ಬುದ್ಧಿ."

"ಒಳ್ಳೇದು. ಆನೆ ಮೇಲೆ ಕೂರಿಸ್ತೀಯ ಅಂತ ಯಾರೂ ಹೇಳಿರಲಿಲ್ಲ ನಮಗೆ."

ಶಿವನಿ ರಸ್ತೆಯವರೆಗೆ ತೀರ್ಥಪ್ಪನ ಮುಖ ನೋಡಬೇಕಿತ್ತು. ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ ಎರೆಗೆ ಇಳಿಸಿದ. ಮೂರು ವರ್ಷದ ಹಿಂದೆ ಕಾರು ಬಿದ್ದಿದ್ದ ಚರಂಡಿಯನ್ನು ದಾಟಿದಾಗ ಹಿಂದಿರುಗಿ ನನ್ನನ್ನು ನೋಡಿ ಹುಬ್ಬು ಕುಣಿಸಿದ. ಒಂದು ಮೈಲಿ ಹೋಯ್ತು. ಎರಡೂವರೆ ಮೈಲಿ ಹೋಯ್ತು. ನನ್ನ ಮಾತೇ ಸುಳ್ಳಾಯಿತೇನೋ ಎಂದು ನನಗೂ ಕಸಿವಿಸಿ ಶುರುವಾಗಿತ್ತು. ಅಷ್ಟರಲ್ಲಿ ಮಡ್‌ಗಾರ್ಡಿನೊಳಗೆ ದಬದಬ ಸದ್ದು ಬಂತು. ಆಮೇಲೆ ಸದ್ದು ನಿಂತಿತು. ಆಮೇಲೆ ಜೀಪೂ ನಿಂತಿತು.

ಇಳಿದು ನೋಡಿದರೆ ಟೈರೇ ಕಾಣಿಸಲಿಲ್ಲ. ಮೂರು ಬೆರಳಿನ ಸಂದಿಗೆ ಮಣ್ಣು ಗಾರೆ ಹಾಕಿದ ಹಾಗೆ ತುಂಬಿಕೊಂಡು ಚಕ್ರ, ಮಡ್‌ಗಾರ್ಡು ಎರಡೂ ಒಂದೇ ಆಗಿದ್ದವು. ಬೈಯಬೇಕೆಂದರೆ ಸ್ವಾಮಿಗಳು ಮೇಲೆ ಕೂತಿದ್ದಾರೆ. ಹಾರೆ, ಕುಡುಗೋಲು ಹಿಡಿದು ನಾನೂ ಅವನೂ ಅರ್ಧ ಗಂಟೆ ಕೆರೆದೆವು. ಜೀಪು ಇಪ್ಪತ್ತು ಮಾರು ಹೋಗಿ ಮತ್ತೆ ನಿಂತಿತು. ಮತ್ತೆ ಕೆರೆದೆವು. ಹದಿನೈದು ಮಾರು. ನನ್ನ ಒಗೆದ ಪಂಚೆ ಸೊಂಟದವರೆಗೆ ಕಪ್ಪಾಯಿತು.

ಎತ್ತು ಹೊಡೆದುಕೊಂಡು ಬರುತ್ತಿದ್ದ ಆ ಊರಿನ ಚಿಕ್ಕಬೀರಪ್ಪ ನಿಂತು ನೋಡಿ, ಸ್ವಾಮಿಗಳಿಗೆ ಕೈಮುಗಿದು, ಆಮೇಲೆ ಕೇಳಿದ, "ಏನ್ ತೀರ್ಥಣ್ಣ, ಗಾರೆ ಕೆಲ್ಸ ಶುರು ಮಾಡ್ಬಿಟ್ಯಾ?"

"ಲೇ, ಬಾಯ್ಮುಚ್ಕೊಂಡು ಹೋಗಿ ನಿನ್ ಗಾಡಿ ಕಟ್ಕೊಂಡು ಬಾ. ಬುದ್ಧಿಯೋರನ್ನ ಅದ್ರಲ್ಲೇ ಕರ್ಕೊಂಡು ಹೋಗಾನ."

"ಈ ಹದದಲ್ಲಿ ಗಾಡಿ ಕಟ್ಟೋರುಂಟಾ? ಎತ್ತಿಗೆ ಬುದ್ಧಿ ಐತೆ, ಹೆಜ್ಜೆ ಇಡಾಕಿಲ್ಲ," ಎಂದು ಚಿಕ್ಕಬೀರಪ್ಪ ಹೊಲದ ಬದುವಿನ ಮೇಲೆ ಹೊರಟೇ ಹೋದ.

ಸ್ವಾಮಿಗಳು ಮೇಲಿನಿಂದ ಕೇಳಿದರು, "ಇನ್ನೆಷ್ಟು ದೂರ?"

"ಇನ್ನೇನು ಬುದ್ಧಿ, ಅರ್ಧ ಮೈಲಿ. ಐದೇ ನಿಮಿಷ."

"ನಿನ್ನ ಐದು ನಿಮಿಷಕ್ಕೆ ಒಂದೂವರೆ ಗಂಟೆ ಆಯ್ತಪ್ಪ. ನಮ್ಮನ್ನ ಕೆಳಗಿಳಿಸು."

ತೀರ್ಥಪ್ಪ ಹಾರೆ ಕೆಳಗಿಟ್ಟ. ಹಿಂದಿರುಗಿ ಹೋಗುತ್ತಾರೆ ಅಂದುಕೊಂಡ. ನಾನೂ ಹಾಗೇ ಅಂದುಕೊಂಡೆ. ಅರ್ಧ ಮೈಲಿಯಾಚೆ ಆ ಮುದುಕಿ ಹರಿವಾಣದ ಮುಂದೆ ಕೂತಿರುತ್ತಾಳೆ, ಇವತ್ತೂ ಬಿಲ್ವದ ಗಿಡಕ್ಕೇ ನೀರು. ನಾಲ್ಕನೇ ಸಲವೂ ಬೇಡ ಅನ್ನಬೇಕಿತ್ತು ಅನ್ನಿಸಿತು.

ಸ್ವಾಮಿಗಳು ಸ್ಟೂಲಿನ ಮೇಲೆ ಕಾಲಿಟ್ಟು ಇಳಿದರು. ಮರದ ಹಾವುಗೆ ಕಳಚಿ ನನ್ನ ಕೈಗೆ ಕೊಟ್ಟರು. ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಊರಿನ ಕಡೆಗೇ ಹೆಜ್ಜೆ ಹಾಕಿದರು.

"ಬುದ್ಧಿ, ಬ್ಯಾಡಿ! ಪಾದಕ್ಕೆಲ್ಲ ಕೆಸರು!" ಎಂದು ತೀರ್ಥಪ್ಪ ಕೂಗಿದ. "ಇನ್ನೊಂದ್ಸಲ ಕೆರೆದ್ಬಿಟ್ರೆ ಹೋಗ್ತದೆ!"

"ನೀನು ಕೆರೀತಿರು. ನಾವು ನಿಮ್ಮವ್ವನ್ನ ಕಾಯಿಸಲ್ಲ."

ನಾನು ಹಾವುಗೆಯನ್ನು ಎದೆಗವುಚಿಕೊಂಡು ಹಿಂದೆ ಹೊರಟೆ. ಹಿಂದಿರುಗಿ ನೋಡಿದರೆ ಆ ಪುಣ್ಯಾತ್ಮ ಜೀಪು ಬಿಟ್ಟು ಬಂದಿರಲಿಲ್ಲ. ಚಕ್ರದ ಕೆಳಗೆ ಮಲಗಿ ಹಾರೆಯಲ್ಲಿ ಕುಟ್ಟುತ್ತಿದ್ದ.

ಎರೆಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಮೂರು ಸೇರು ಭಾರವಾಗುತ್ತದೆ. ಸ್ವಾಮಿಗಳು ಎರಡು ಸಲ ನನ್ನ ಹೆಗಲು ಹಿಡಿದು ನಿಂತರು, ದೂರಲಿಲ್ಲ. ಮನೆ ಮುಟ್ಟಿದಾಗ ಅವರ ಕಾಲು ಮೀನಖಂಡದವರೆಗೆ ಆನೆಯ ಕಾಲಿನ ಹಾಗೆ ಕಪ್ಪಗೆ, ದಪ್ಪಗೆ ಆಗಿತ್ತು. ಅರ್ಧ ತೆರೆಯುವ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಹೋದರು.

ದಾಕ್ಷಾಯಣಮ್ಮ ಹರಿವಾಣದ ಮುಂದೆಯೇ ಇದ್ದಳು. ನಾನು ಅದೆಷ್ಟೋ ಪಾದಪೂಜೆ ನೋಡಿದ್ದೇನೆ. ತೊಳೆದ ಪಾದದ ಮೇಲೆ ಒಂದು ಉದ್ಧರಣೆ ನೀರು, ವಿಭೂತಿ, ಹೂವು. ಇಲ್ಲಿ ಹಾಗಾಗಲಿಲ್ಲ. ಒಂದು ಚೊಂಬು ನೀರಿಗೆ ಮಣ್ಣು ಮಿಸುಕಲಿಲ್ಲ. ಮುದುಕಿ ಸೆರಗು ಸಿಕ್ಕಿಸಿ, ಬಿಸಿನೀರು ತರಿಸಿ, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಸಂದಿಯಿಂದ ಮಣ್ಣು ಬಿಡಿಸತೊಡಗಿದಳು. ಹರಿವಾಣ ಎರಡು ಸಲ ತುಂಬಿತು, ಎರಡು ಸಲ ಚೆಲ್ಲಿದರು. ಮಲ್ಲಿಕಾಂಬ "ನಾನು ತೊಳೀತೀನಿ ಬಿಡಿ ಅತ್ತೆ" ಎಂದರೆ ಕೈ ತಳ್ಳಿದಳು.

ಸ್ವಾಮಿಗಳಿಗೇ ಸಂಕೋಚವಾಯಿತು. "ಯಾರ ಹೊಲದ ಮಣ್ಣಮ್ಮ ಇದು, ಇಷ್ಟು ಹಿಡ್ಕೊಂಡಿದೆ?"

"ನಮ್ದೇ ಬುದ್ಧಿ, ಹಳ್ಳದ ಪಕ್ಕದ್ದು. ಬ್ಯಾರೆಯೋರದ್ದಾಗಿದ್ರೆ ಯಾವಾಗ್ಲೋ ಬಿಟ್ಟಿರ್ತಿತ್ತು."

ಮಣ್ಣೆಲ್ಲ ಹೋದ ಮೇಲೆ ಹೊಸ ನೀರು ತಂದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆಗೆ ಕೂತರು. ಮಂಗಳಾರತಿಯ ಹೊತ್ತಿಗೆ ಬಾಗಿಲಲ್ಲಿ ಏನೋ ಒಂದು ಅಡ್ಡಡ್ಡ ತೂರಿಕೊಂಡು ಬಂತು. ತಲೆಯಿಂದ ಕಾಲಿನವರೆಗೆ ಕೆಸರು. ಕಣ್ಣು ಎರಡೇ ಕಾಣುತ್ತಿದ್ದವು.

"ಅವ್ವಾ, ಶುರುವಾಗೋಯ್ತಾ?"

ದಾಕ್ಷಾಯಣಮ್ಮ ಆರತಿಯಿಂದ ಕಣ್ಣು ತೆಗೆಯದೆ ಹೇಳಿದಳು, "ನಿನ್ ಕಾಲು ನೀನೇ ತೊಳ್ಕೊಂಡು ಬಾ."

ಮೂರು ಗಂಟೆಯ ರೈಲಿಗೆ ಊರಿನವರು ಸ್ವಾಮಿಗಳನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು, ಹೊಲದ ಬದುವಿನ ಮೇಲೆ ಶಿವನಿ ಮುಟ್ಟಿಸಿದರು. ಜೀಪು ಮಾತ್ರ ಮಹಾನವಮಿಯವರೆಗೆ ಅಲ್ಲೇ ನಿಂತಿತ್ತು. ಎರೆ ಒಣಗಿ ಕಲ್ಲಾಗಿ, ಚಕ್ರಗಳನ್ನು ಉಳಿಯಲ್ಲಿ ಕೆತ್ತಿ ತೆಗೆಯಬೇಕಾಯಿತಂತೆ.

ದೀಪಾವಳಿ ಆದ ವಾರಕ್ಕೆ ತೀರ್ಥಪ್ಪ ಅಂಗಡಿಗೆ ಬಂದ. ನಾನು ಗಡಿಯಾರ ನೋಡಲಿಲ್ಲ. ಅಟ್ಟ ಹತ್ತಿ ನಾಲ್ಕು ಹಳೇ ಟೈರನ್ನೂ ಉರುಳಿಸಿದೆ. ಧೂಳು ಕೊಡವಿ ಅವನ ಮುಂದೆ ನಿಲ್ಲಿಸಿದೆ.

"ಬೇಡ ಕಣೋ," ಎಂದ.

"ಇನ್ನೂ ಬುದ್ಧಿ ಬರ್ಲಿಲ್ವೇನೋ ನಿಂಗೆ?"

"ನಂಗೆ ಬಂದದೆ. ಅವ್ವ ಬೇಡ ಅಂತಾಳೆ. ಬುದ್ಧಿಯೋರು ಮುಂದಿನ ಶ್ರಾವಣಕ್ಕೂ ಬತ್ತೀನಿ ಅಂದವ್ರೆ. ಟೈರು ಬದಲಾಯಿಸಿದ್ರೆ ಸೀದಾ ಬಾಗಿಲಿಗೇ ಬಂದು ಇಳೀತಾರಂತೆ. ಆಗ ತೊಳೆಯೋಕೆ ಕಾಲಲ್ಲಿ ಏನಿರ್ತದೆ ಅಂತಾಳೆ. ಗಾಡಿ ಹಂಗೇ ಇರ್ಲಿ, ಮುಂದಿನ ಸಲಾನೂ ಅಲ್ಲೇ ನಿಂತ್ಕೊಳ್ಲಿ ಅಂತಾಳೆ." ಹಳೇ ಟೈರೊಂದನ್ನು ಕಾಲಲ್ಲಿ ತಳ್ಳಿ ಗೊಣಗಿದ, "ಮೂರು ವರ್ಷ ಒದ್ದಾಡಿದ್ದು ನಾನು ಕಣೋ."

ಎರಡು ಸಲ ಕಾಫಿ ಕುಡಿದು ಎದ್ದ. ಅವನು ಹೋದ ಮೇಲೆ ನೋಡಿದರೆ, ಕೇಳಿ ತೆಗೆಸಿದ್ದ ವಾಲ್ವಿನ ಮುಚ್ಚಳ ಬೆಂಚಿನ ಮೇಲೇ ಇತ್ತು. ಅದನ್ನು ಡಬ್ಬಿಗೆ ಹಾಕಿ, ಆ ನಾಲ್ಕು ಟೈರನ್ನು ಒಬ್ಬನೇ ಮತ್ತೆ ಅಟ್ಟಕ್ಕೆ ಏರಿಸಿದೆ.