ನೆಟ್‌ವರ್ಕ್ ಕಾರ್ಡಿಗೆ ಊಟದ ಪರೀಕ್ಷೆ

ಶಿರಸಿಯಲ್ಲಿ ನಮಗೆಲ್ಲ ಕಂಪ್ಯೂಟರ್ ಸಾಮಾನು ಮಾರುತ್ತಿದ್ದ ಅಂಗಡಿಯವರೊಬ್ಬರು ನೆಟ್‌ವರ್ಕ್ ಕಾರ್ಡಿನ ಡಬ್ಬಿಯ ಮೇಲಿನ ವೇಗವನ್ನು ಓದಿದ್ದೇ ಇಲ್ಲ. ಕಾರ್ಡನ್ನು ಒಂದು ಯಂತ್ರಕ್ಕೆ ಸಿಕ್ಕಿಸಿ, ಇಡೀ ತಾಳಮದ್ದಳೆಯ ವಿಡಿಯೊವನ್ನು ತಮ್ಮ ಮೇಜಿನ ಯಂತ್ರಕ್ಕೆ ಮತ್ತೆ ಮತ್ತೆ ಕಳಿಸಲು ಹಚ್ಚಿ, "ಊಟ ಮಾಡ್ಕಂಡು ಬಂದು ನೋಡನ" ಎನ್ನುತ್ತಿದ್ದರು. ಬಂದವರೇ, ಮಗುವಿನ ಜ್ವರ ನೋಡುವಂತೆ ಬೆರಳ ಹಿಂಬದಿಯಿಂದ ಕಾರ್ಡನ್ನು ಮುಟ್ಟುತ್ತಿದ್ದರು.

ಆಗ ನಾನು ಸಿದ್ದಾಪುರದ ಮನೆಯಲ್ಲಿ ಒಂದೇ ಸರ್ವರಿನೊಳಗೆ, ಬೇರೆಬೇರೆ ಕಂಪ್ಯೂಟರಿನಂತೆ ಕೆಲಸ ಮಾಡುವ ಆರು ವರ್ಚುವಲ್ ಯಂತ್ರ ನಡೆಸಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಎಲ್ಲಕ್ಕೂ ದಾರಿಯಾದ ಒಂದು ನೆಟ್‌ವರ್ಕ್ ಕಾರ್ಡು ಕೈಕೊಟ್ಟರೆ ಆರೂ ಪರದೆಗಳು ಒಟ್ಟಿಗೇ ಸ್ತಬ್ಧ. ಒಮ್ಮೆ ಮರುದಿನವೇ ವಿದ್ಯಾರ್ಥಿಗಳಿಗೆ ಪರೀಕ್ಷೆಯಿತ್ತು. ಹುಬ್ಬಳ್ಳಿಯಿಂದ ತಂದ ಹೊಸ ಗಿಗಾಬಿಟ್ ಕಾರ್ಡು ಹಿಡಿದು, ಅದು ತಾಳುತ್ತದೋ ನೋಡಿಸಲು ಅವರಲ್ಲಿಗೆ ಹೋದೆ.

ಅಂಗಡಿಯ ಹಿಂದೆಯೇ ಅವರ ಮನೆ. ನಾವು ಉಂಡು, ಅಪ್ಪೆಹುಳಿ ಕುಡಿದು ಬರುವಷ್ಟರಲ್ಲಿ ನನ್ನ ಕಾರ್ಡು ಬಿಸಿಯೇರಿ ಕೆಲಸ ನಿಲ್ಲಿಸಿತ್ತು. ಅಂಗಡಿಯ ಹೊಸದೊಂದನ್ನು ಸಿಕ್ಕಿಸಿ ಮತ್ತೆ ಒಳಗೆ ಕರೆದೊಯ್ದರು.

"ಎಂತ, ಈಗಷ್ಟೇ ಉಂಡಿದ್ರಲಿ?" ಎಂದರು ಅವರ ಹೆಂಡತಿ. ಆದರೂ ಸಿಹಿಗೆಂದು ತೊಡದೇವು ಬಡಿಸಿದರು. ತಿಂದು ಬಂದೆವು. ಅದೂ ನಿಂತಿತ್ತು.

ಅವರು ಜೋರಾಗಿ ನಕ್ಕರು. ಮೇಜಿನ ಯಂತ್ರ ಬಿಚ್ಚಿ, ಇಷ್ಟು ವರ್ಷ ಎಲ್ಲ ಪರೀಕ್ಷೆಗಳಿಗೂ ಎದುರು ಕೂತು ತಾಳಿಕೊಂಡಿದ್ದ ತಮ್ಮದೇ ಹಳೆಯ ಕಾರ್ಡನ್ನು ತೆಗೆದು ನನ್ನ ಕೈಗಿಟ್ಟರು.

"ಮತ್ತೆ ನಿಮಗೆ?"

"ಯಂಗೆ ಇದೇ ಸಾಕು," ಎನ್ನುತ್ತ ಈಗಷ್ಟೇ ಸೋತ ಕಾರ್ಡನ್ನು ತಮ್ಮ ಯಂತ್ರಕ್ಕೆ ಸಿಕ್ಕಿಸಿದರು. "ಇದು ನಿಂತಾಗೆಲ್ಲ ಆನು ಉಂಡ್ಕಂಡು ಬರ್ತೆ."

ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಮುಂದೆ ಎರಡು ತಿಂಗಳು ಬಿಟ್ಟು ಅಂಗಡಿಗೆ ಹೋದಾಗ ಅವರು ಚೆನ್ನಾಗಿಯೇ ದಪ್ಪಗಾಗಿದ್ದರು.